‘ಕೈಗೊಳ್ಳಲಾಗಿದೆ’: ವರದಿ, ಅರ್ಜಿ ಮತ್ತು ದಲಿತ ಓದು

1

ವಿಮರ್ಶೆಯ ವಿಶೇಷಾಂಕಕ್ಕೆ ಏನಾದರೂ ಬರೆಯಿರಿ ಎಂದು ಗೆಳೆಯರು ಕೇಳಿದ ದಿನ ನನ್ನ ಮೇಜಿನ ಮೇಲೆ ಕವಿತೆ, ಕಾದಂಬರಿ ಯಾವುದೂ ಇರಲಿಲ್ಲ. ಒಂದು ವಿಶ್ವವಿದ್ಯಾಲಯದ ವಾರ್ಷಿಕ ವರದಿ ಇತ್ತು. ಅದರ ಪಕ್ಕದಲ್ಲಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಅರ್ಜಿಯ ಜೆರಾಕ್ಸ್ ಪ್ರತಿ ಇತ್ತು. ವರದಿಗೆ ನುಣುಪು ಕಾಗದ, ಬಣ್ಣದ ರಕ್ಷಾಪುಟ. ಅರ್ಜಿ ಗೆರೆ ಹಾಕಿದ ಹಾಳೆಯದು. ಎರಡೂ ಹೇಳುತ್ತಿದ್ದದ್ದು ಒಂದೇ ವಿಷಯ, ಆದರೆ ಎರಡರ ಕನ್ನಡ ಬೇರೆ ಬೇರೆ. ಈ ಎರಡು ಕನ್ನಡಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು ಅನ್ನಿಸಿತು.

ಹೀಗನ್ನಿಸಲು ಒಂದು ನಾಚಿಕೆಯ ಕಾರಣವೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವರದಿಯ ಒಂದು ಪ್ಯಾರಾ ನಾನು ಬರೆದದ್ದು.

ನಾನು ಶೃಂಗೇರಿ ತಾಲ್ಲೂಕಿನ ನೆಮ್ಮಾರಿನವನು. ಶೃಂಗೇರಿಯಿಂದ ಕೆರೆಕಟ್ಟೆ ಹಾದು ಕಾರ್ಕಳಕ್ಕೆ ಇಳಿಯುವ ರಸ್ತೆಯಲ್ಲಿ, ತುಂಗೆಯ ದಂಡೆಯ ಊರು. ಅವ್ವ ಅಡಿಕೆ ತೋಟದ ಕೂಲಿಗೆ ಹೋಗುತ್ತಿದ್ದವಳು. ನಾನು ಈಗ ಮಲೆನಾಡಿನಿಂದ ಬಲು ದೂರ, ಬಯಲುಸೀಮೆಯ ಒಂದು ವಿಶ್ವವಿದ್ಯಾಲಯದಲ್ಲಿ ಅತಿಥಿ ಉಪನ್ಯಾಸಕ. ಅದರ ಹೆಸರು ಹೇಳುವುದಿಲ್ಲ, ಹೇಳುವ ಅಗತ್ಯವೂ ಕಾಣುವುದಿಲ್ಲ. ನಾನು ನೋಡಿದ ವರದಿಗಳೆಲ್ಲ ಒಂದೇ ಕೈಬರಹದಲ್ಲಿವೆ. ಕನ್ನಡ ಚೆನ್ನಾಗಿ ಬರೆಯುತ್ತೀರಿ ಎಂಬ ಹೊಗಳಿಕೆಯ ಜೊತೆಗೆ ‘ಸಂಶೋಧನಾ ವಿದ್ಯಾರ್ಥಿಗಳಿಗೆ ನೆರವು’ ಎಂಬ ಭಾಗವನ್ನು ನನ್ನ ಕೈಗಿಟ್ಟರು. ನಾನು ಬರೆದೆ: ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಸಂಶೋಧನಾರ್ಥಿಗಳ ಶಿಷ್ಯವೇತನ ವಿತರಣೆಗೆ ಅಗತ್ಯ ಕ್ರಮ ಕೈಗೊಳ್ಳಲಾಗಿದೆ.

ಆ ಹೊತ್ತಿಗೆ ಶಿಷ್ಯವೇತನ ಬಂದು ಹನ್ನೊಂದು ತಿಂಗಳಾಗಿತ್ತು. ಅದು ನನಗೆ ಗೊತ್ತಿತ್ತು. ಬಾರದವರಲ್ಲಿ ಒಬ್ಬಳು ನಮ್ಮೂರ ಕಡೆಯವಳೇ, ದೂರದ ಸಂಬಂಧದಲ್ಲಿ ಸೊಸೆಯಾಗಬೇಕು. ಮಲೆನಾಡಿನ ಹುಟ್ಟಾಳು ಪದ್ಧತಿ ಕಾದಂಬರಿಗಳಲ್ಲಿ ಹೇಗೆ ಬಂದಿದೆ ಎನ್ನುವುದು ಅವಳ ಪಿಎಚ್.ಡಿ. ವಿಷಯ. ಅಚ್ಚಾಗಿ ಬಂದ ವರದಿಯನ್ನು ಅವಳು ಓದಿದಳು. ಓದಿ ನನ್ನನ್ನು ಒಂದೇ ಮಾತು ಕೇಳಿದಳು.

“ಮಾವ, ಕೈಗೊಳ್ಳಲಾಗಿದೆ ಅಂತ ಬರ್ದಿದೀರಲ್ಲ, ಯಾರ ಕೈ ಅದು?”

ಕನ್ನಡ ವಿಮರ್ಶೆಯನ್ನು ಇಪ್ಪತ್ತು ವರ್ಷದಿಂದ ಓದುತ್ತಿದ್ದೇನೆ. ಒಂದು ವಾಕ್ಯದ ಮೇಲೆ ಇಷ್ಟು ನೇರವಾದ ವಿಮರ್ಶೆಯನ್ನು ನಾನು ಕಂಡಿದ್ದು ಕಡಿಮೆ.

2

ವರದಿಯ ಭಾಷೆಯ ಮೊದಲ ಲಕ್ಷಣ ಇದೇ: ಅಲ್ಲಿ ಕ್ರಿಯೆ ಇರುತ್ತದೆ, ಕರ್ತೃ ಇರುವುದಿಲ್ಲ. ಹೊಸ ಕೋರ್ಸುಗಳನ್ನು ಆರಂಭಿಸಲಾಗಿದೆ, ಪಠ್ಯಕ್ರಮವನ್ನು ಪರಿಷ್ಕರಿಸಲಾಗಿದೆ, ಹುದ್ದೆ ಭರ್ತಿಗೆ ಪ್ರಸ್ತಾವನೆ ಸಲ್ಲಿಸಲಾಗಿದೆ, ಮನವಿಯನ್ನು ಪರಿಶೀಲಿಸಲಾಗುವುದು. ಇದನ್ನೆಲ್ಲ ಮಾಡಿದವರು ಯಾರು, ಮಾಡದೆ ಉಳಿದವರು ಯಾರು ಎಂದು ಈ ವ್ಯಾಕರಣ ಕೇಳಗೊಡುವುದಿಲ್ಲ. ಸನ್ಮಾನ, ಉದ್ಘಾಟನೆಗಳ ಪುಟಕ್ಕೆ ಬಂದರೆ ಮಾತ್ರ ಕರ್ತೃಗಳು ಸಾಲುಗಟ್ಟಿ ಬರುತ್ತಾರೆ, ಬಿರುದು ಸಮೇತ. ಹಣ ಹಂಚುವ ಪುಟದಲ್ಲಿ ಎಲ್ಲರೂ ಮಾಯ.

ನಮ್ಮ ಕೇರಿಯ ಮಾತಿನಲ್ಲಿ ಈ ಕ್ರಿಯಾಪದ ಇಲ್ಲ. ಅವ್ವ ಯಾವತ್ತೂ ‘ಕೂಲಿ ನೀಡಲಾಯಿತು’ ಎಂದವಳಲ್ಲ. ‘ಕೊಟ್ರು’, ‘ಕೊಡ್ಲಿಲ್ಲ’, ‘ನಾಳೆ ಬಾ ಅಂದ್ರು’ ಎನ್ನುತ್ತಿದ್ದಳು. ಆ ‘ಅಂದ್ರು’ ಎಂಬುದರ ಹಿಂದೆ ಒಂದು ಮನೆ ಇತ್ತು, ಒಂದು ಜಗಲಿ ಇತ್ತು, ಜಗಲಿಯ ಮೇಲೆ ಒಬ್ಬ ಮನುಷ್ಯ ಇದ್ದ. ಜೀತದ ಕಾಲದಲ್ಲೂ ನಮ್ಮವರಿಗೆ ಯಾರು ಕೊಡಲಿಲ್ಲ ಎನ್ನುವುದು ಸ್ಪಷ್ಟವಾಗಿ ಗೊತ್ತಿತ್ತು. ವಿದ್ಯಾವಂತರಾದ ಮೇಲೆ ಅದೇ ಗೊತ್ತಾಗದ ಭಾಷೆಯೊಂದನ್ನು ನಾವು ಕಲಿತಿದ್ದೇವೆ. ಕಲಿತದ್ದಷ್ಟೇ ಅಲ್ಲ, ಆ ಭಾಷೆಯಲ್ಲಿ ಬರೆಯುವ ಕೂಲಿಗೂ ನಿಂತಿದ್ದೇವೆ.

ಎರಡನೆಯದು ನಾಮಪದಗಳ ರಾಜಕಾರಣ. ವರದಿಯಲ್ಲಿ ಶಿಷ್ಯವೇತನ ‘ಸೌಲಭ್ಯ’ವಾಗಿರುತ್ತದೆ, ‘ನೆರವು’ ಆಗಿರುತ್ತದೆ. ಅದನ್ನು ಪಡೆಯುವವರು ‘ಫಲಾನುಭವಿ’ಗಳು. ಅಡಿಕೆ ಸೀಮೆಯಿಂದ ಬಂದ ನನಗೆ ಈ ಪದ ಎಲ್ಲೋ ಚುಚ್ಚುತ್ತದೆ. ತೋಟದಲ್ಲಿ ಗುಂಡಿ ತೋಡಿದವರು, ಸೊಪ್ಪು ಹೊತ್ತವರು, ಕೊನೆ ಇಳಿಸಿದವರು, ಚಪ್ಪರದಲ್ಲಿ ರಾತ್ರಿ ಕೂತು ಅಡಿಕೆ ಸುಲಿದವರು ಯಾರೂ ಫಲಾನುಭವಿಗಳಾಗಿರಲಿಲ್ಲ. ಈಗ ಹನ್ನೊಂದು ತಿಂಗಳಿಂದ ದುಡ್ಡು ಕಾಣದ ಹುಡುಗಿ ವರದಿಯ ಪಟ್ಟಿಯಲ್ಲಿ ಫಲಾನುಭವಿ. ಫಲ ಇಲ್ಲದ ಅನುಭವ ಮಾತ್ರ ಅವಳದು.

ಈ ಭಾಷೆ ಬರೀ ಶೈಲಿಯ ದೋಷವಲ್ಲ, ಅದಕ್ಕೆ ಕಾನೂನಿನ ಬಲವೂ ಇತ್ತು. ಕರ್ನಾಟಕ 2013ರಲ್ಲಿ ಪರಿಶಿಷ್ಟರ ಉಪಯೋಜನೆಗಳಿಗೆ ಒಂದು ಕಾಯ್ದೆ ಮಾಡಿತು. ಜನಸಂಖ್ಯೆಗೆ ಅನುಗುಣವಾಗಿ, ಅಂದರೆ ಅಭಿವೃದ್ಧಿ ಬಜೆಟ್ಟಿನಲ್ಲಿ ಶೇ. 24.10ರಷ್ಟು, ಪರಿಶಿಷ್ಟರಿಗೆ ಮೀಸಲಿಡಬೇಕು ಎಂಬ ಆ ಕಾಯ್ದೆ ದೊಡ್ಡ ಹೆಜ್ಜೆಯೇ. ಆದರೆ ಅದರೊಳಗೆ 7-ಡಿ ಎಂಬ ಒಂದು ಕಲಮು ಕೂತಿತ್ತು. ಎಲ್ಲರಿಗೂ ಬಳಕೆಯಾಗುವ ರಸ್ತೆ, ಸೇತುವೆ, ನೀರಾವರಿಯಂಥ ಕೆಲಸಗಳಿಗೆ ಮಾಡಿದ ಖರ್ಚಿನಲ್ಲಿ ಒಂದು ಪಾಲನ್ನು ಪರಿಶಿಷ್ಟರಿಗೇ ಮಾಡಿದ ಖರ್ಚೆಂದು ‘ಭಾವಿಸಲು’ ಅದು ಅವಕಾಶ ಕೊಡುತ್ತಿತ್ತು. ದಲಿತ ಸಂಘಟನೆಗಳು ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ ಆ ಕಲಮು ಹೋಯಿತು. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಭಾವ ಅಂದರೆ ನಮಗೆ ರಸಸಿದ್ಧಾಂತ ನೆನಪಾಗುತ್ತದೆ. ಸರ್ಕಾರಕ್ಕೆ ಅದು ಲೆಕ್ಕದ ಒಂದು ವಿಧಾನವಾಗಿತ್ತು. ಹತ್ತು ವರ್ಷ ನಮಗೆ ಹಣ ತಲುಪಿದೆ ಎಂದು ಭಾವಿಸಲಾಗಿತ್ತು.

3

‘ಅಧ್ಯಾಪಕರ ಅಭಿವೃದ್ಧಿ’ ಎಂಬ ಭಾಗವನ್ನು ನೋಡೋಣ. 1987ರಲ್ಲಿ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. 2015ರಲ್ಲಿ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2023ರಲ್ಲಿ ಮಾಳವೀಯ ಮಿಷನ್ನಿನ ತರಬೇತಿ ಕೇಂದ್ರಗಳಾದವು. ಮೂರು ಸಲ ನಾಮಕರಣವಾಗಿದೆ. ಓರಿಯೆಂಟೇಶನ್ನು, ರಿಫ್ರೆಶರ್ ಕೋರ್ಸು ಮುಗಿಸಿದ ಕಾಯಂ ಅಧ್ಯಾಪಕರಿಗೆ ಬಡ್ತಿಯ ದಾರಿ ತೆರೆಯುತ್ತದೆ. ಬಡ್ತಿಯೇ ಇಲ್ಲದ ನಮ್ಮಂಥವರಿಗೆ ಆ ಸರ್ಟಿಫಿಕೇಟು ಗೋಡೆಗೆ ಹಾಕುವ ಚಿತ್ರ. ಅತಿಥಿ ಎಂದರೆ ತಿಥಿ ನೋಡದೆ ಬರುವವನು ಎಂದು ನಿಘಂಟು ಹೇಳುತ್ತದೆ. ನಮ್ಮ ವಿಷಯದಲ್ಲಿ ತಿಥಿಯಿಲ್ಲದೆ ಬರುವುದು ಸಂಬಳ.

ಆದರೆ ಅಧ್ಯಾಪಕರ ಅಭಿವೃದ್ಧಿಯ ನಿಜವಾದ ಕತೆ ಇರುವುದು ರೋಸ್ಟರ್ ಪುಸ್ತಕದಲ್ಲಿ. 2017ರಲ್ಲಿ ಅಲಹಾಬಾದ್ ಹೈಕೋರ್ಟು ಮೀಸಲಾತಿ ಲೆಕ್ಕಕ್ಕೆ ಇಡೀ ವಿಶ್ವವಿದ್ಯಾಲಯವನ್ನಲ್ಲ, ಒಂದೊಂದು ವಿಭಾಗವನ್ನು ಘಟಕವಾಗಿ ಹಿಡಿಯಬೇಕೆಂದಿತು. 2018ರ ಮಾರ್ಚಿ 5ರಂದು ಯುಜಿಸಿ ಅದನ್ನು ಸುತ್ತೋಲೆ ಮಾಡಿತು. 200 ಬಿಂದುಗಳ ರೋಸ್ಟರಿನ ಜಾಗಕ್ಕೆ 13 ಬಿಂದುಗಳ ರೋಸ್ಟರ್ ಬಂತು. ಕೇಳುವುದಕ್ಕೆ ಇದು ಬರೀ ಗಣಿತ. ಆ ಗಣಿತದಲ್ಲಿ ನಾಲ್ಕನೆಯ ಹುದ್ದೆ ಹಿಂದುಳಿದ ವರ್ಗಕ್ಕೆ, ಏಳನೆಯದು ಪರಿಶಿಷ್ಟ ಜಾತಿಗೆ, ಹದಿನಾಲ್ಕನೆಯದು ಪರಿಶಿಷ್ಟ ಪಂಗಡಕ್ಕೆ. ಆರು ಹುದ್ದೆಯ ವಿಭಾಗದಲ್ಲಿ ದಲಿತನ ಸರದಿ ಬರುವುದು ಯಾರೋ ನಿವೃತ್ತರಾಗಿ ಏಳನೆಯ ನೇಮಕಾತಿ ಆಗುವಾಗ. ಮೂರು ನಾಲ್ಕು ಹುದ್ದೆಯ ವಿಭಾಗದಲ್ಲಿ ಅದು ಒಂದು ತಲೆಮಾರಿನ ಕಾಯುವಿಕೆ. ದೇಶದ ತುಂಬ ಚಳವಳಿ ಎದ್ದು, 2019ರ ಮಾರ್ಚಿಯಲ್ಲಿ ಸುಗ್ರೀವಾಜ್ಞೆಯಾಗಿ, ಆಮೇಲೆ ಕಾಯ್ದೆಯಾಗಿ ಕೇಂದ್ರೀಯ ಸಂಸ್ಥೆಗಳಲ್ಲಿ ಹಳೆಯ ಲೆಕ್ಕ ಮರಳಿತು.

ಒಂದು ಸಂಖ್ಯೆಯನ್ನು ಓದಲು ಬಾರದಿದ್ದರೆ ಒಂದು ತಲೆಮಾರು ಹೊರಗುಳಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ? ನಾವು ಪ್ರತಿಮೆಗಳನ್ನು ಒಡೆದು ಓದುವುದನ್ನು ಕಲಿಸುತ್ತೇವೆ. ರೋಸ್ಟರ್ ಬಿಂದುವನ್ನು ಒಡೆದು ಓದುವುದನ್ನು ಕಲಿಸುತ್ತಿಲ್ಲ. ‘ಅರ್ಹ ಅಭ್ಯರ್ಥಿ ದೊರೆಯಲಿಲ್ಲ’ ಎಂಬ ಮೂರು ಪದಗಳ ವಾಕ್ಯದಲ್ಲಿ ಎಷ್ಟು ಶತಮಾನಗಳ ವ್ಯಾಖ್ಯಾನ ಅಡಗಿದೆ! ಇಲ್ಲಿಯೂ ನೋಡಿ, ಹುಡುಕಿದವನ ಸುದ್ದಿ ಇಲ್ಲ. ದೊರೆಯಲಿಲ್ಲ, ಅಷ್ಟೆ.

4

ಈಗ ಅರ್ಜಿಗೆ ಬರುತ್ತೇನೆ. ದಲಿತರು ಮೊದಲು ಬರೆದದ್ದು ಕವಿತೆಯೋ ಕತೆಯೋ ಎಂಬ ಚರ್ಚೆ ನಮ್ಮಲ್ಲಿ ನಡೆದಿದೆ. ನನ್ನ ಅನುಮಾನವೆಂದರೆ, ನಮ್ಮಲ್ಲಿ ಬಹಳ ಮಂದಿ ಮೊದಲು ಬರೆದದ್ದು ಅರ್ಜಿ. ಹಾಸ್ಟೆಲ್ ಸೀಟಿಗೆ, ಜಾತಿ ಪ್ರಮಾಣಪತ್ರಕ್ಕೆ, ಸ್ಕಾಲರ್‌ಶಿಪ್ಪಿಗೆ, ಬಗರ್‌ಹುಕುಂ ಜಮೀನಿಗೆ. ಈ ಪ್ರಕಾರಕ್ಕೆ ತನ್ನದೇ ಛಂದಸ್ಸಿದೆ. ‘ರವರ ಸನ್ನಿಧಾನಕ್ಕೆ’ ಎಂದು ಶುರು. ‘ಬಡ ಕುಟುಂಬಕ್ಕೆ ಸೇರಿದ ನಾನು’ ಎಂದು ನಡು. ‘ತಮ್ಮ ವಿಧೇಯ’ ಎಂದು ಕೊನೆ. ಸನ್ನಿಧಾನ ಎಂಬ ಪದಕ್ಕೆ ಶೃಂಗೇರಿ ಸೀಮೆಯವರ ಕಿವಿಯಲ್ಲಿ ಇರುವ ಭಾರವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಗುಮಾಸ್ತನ ಟೇಬಲ್ಲು ಕೂಡ ಗರ್ಭಗುಡಿಯಾಗುವುದು ಈ ಮೊದಲ ಸಾಲಿನಲ್ಲೇ.

ವರದಿಯಲ್ಲಿ ಕರ್ತೃ ಇಲ್ಲ. ಅರ್ಜಿಯಲ್ಲಿ ‘ನಾನು’ ಇದ್ದಾನೆ, ಆದರೆ ಅವನಿಗೆ ಬೇಡುವುದರ ಹೊರತು ಬೇರೆ ಕ್ರಿಯಾಪದವಿಲ್ಲ. ಈ ಎರಡು ಪ್ರಕಾರಗಳು ಒಂದನ್ನೊಂದು ಸಾಕುತ್ತವೆ. ಅರ್ಜಿ ಬಗ್ಗಿದಷ್ಟೂ ವರದಿಯ ಬೆನ್ನು ನೆಟ್ಟಗಾಗುತ್ತದೆ.

ಇದಕ್ಕೆ ಒಂದು ಚರಿತ್ರೆಯಿದೆ. 1913ರಲ್ಲಿ ಅಂಬೇಡ್ಕರ್ ಕೊಲಂಬಿಯಾಕ್ಕೆ ಹೋದದ್ದು ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ, ಮರಳಿದ ಮೇಲೆ ಸಂಸ್ಥಾನಕ್ಕೆ ಹತ್ತು ವರ್ಷ ದುಡಿಯುವ ಕರಾರು. 1917ರಲ್ಲಿ ಅವರು ಬರೋಡಕ್ಕೆ ಬಂದಾಗ ತಂಗಲು ಒಂದು ಕೋಣೆ ಸಿಗಲಿಲ್ಲ, ಪಾರಸಿ ಛತ್ರದಿಂದ ಹೊರಹಾಕಿಸಿಕೊಂಡರು. ಒಬ್ಬ ಉದಾರಿಯ ಕೊಡುಗೆಗೆ ಎಷ್ಟು ಮಿತಿ ಇದೆ ಎನ್ನುವುದನ್ನು ಅವರು ಅಲ್ಲೇ ಕಂಡಿರಬೇಕು. ಆದ್ದರಿಂದಲೇ 1942ರಲ್ಲಿ ವೈಸ್‌ರಾಯರ ಕೌನ್ಸಿಲಿನ ಸದಸ್ಯರಾದಾಗ ಅವರು ಪರಿಶಿಷ್ಟರ ಉನ್ನತ ಶಿಕ್ಷಣಕ್ಕೆ ಸರ್ಕಾರದ ಬೊಕ್ಕಸದಿಂದ ಹಣ ಕೇಳಿದರು. ವರ್ಷಕ್ಕೆ ಮೂರು ಲಕ್ಷ ರೂಪಾಯಿ ಮಂಜೂರಾಯಿತು. ಇವತ್ತಿನ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪಿನ ಬೇರು 1944ರಲ್ಲಿದೆ. ಮಹಾರಾಜನ ಕೊಡುಗೆಯನ್ನು ಬಜೆಟ್ಟಿನ ಬಾಬ್ತಾಗಿ ಮಾಡಿದ್ದು, ದಯೆಯನ್ನು ಲೆಕ್ಕಕ್ಕೆ ತಂದದ್ದು, ನನ್ನ ದೃಷ್ಟಿಯಲ್ಲಿ ಬಾಬಾಸಾಹೇಬರ ದೊಡ್ಡ ಬರವಣಿಗೆಗಳಲ್ಲಿ ಒಂದು.

ಆಮೇಲಿನ ಕತೆ ಎಂದರೆ ಲೆಕ್ಕವನ್ನು ಮತ್ತೆ ದಯೆಯಾಗಿ ತಿರುಗಿಸಿದ ಕತೆ. ಪರಿಶಿಷ್ಟ ಸಂಶೋಧಕರಿಗಾಗಿ ರಾಜೀವ್ ಗಾಂಧಿ ಫೆಲೋಶಿಪ್ ಬಂದದ್ದು 2005-06ರಲ್ಲಿ. 2015ರ ಅಕ್ಟೋಬರಿನಲ್ಲಿ ಯುಜಿಸಿ, ನೆಟ್ ಪಾಸಾಗದ ಸಂಶೋಧಕರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಸಿಗುತ್ತಿದ್ದ ಹಣವನ್ನು ನಿಲ್ಲಿಸಹೊರಟಾಗ ವಿದ್ಯಾರ್ಥಿಗಳು ದೆಹಲಿಯ ಅದರ ಕಛೇರಿಯ ಮುಂದೆ ಕೂತರು. ಎಂ.ಫಿಲ್.ಗೆ 5,000, ಪಿಎಚ್.ಡಿ.ಗೆ 8,000 ರೂಪಾಯಿ. ಅಷ್ಟಕ್ಕೆ ಆ ಹೋರಾಟ. ಮೂರು ತಿಂಗಳಾಗುವುದರೊಳಗೆ, 2016ರ ಜನವರಿ 17ರಂದು, ಹೈದರಾಬಾದಿನಲ್ಲಿ ರೋಹಿತ್ ವೇಮುಲ ತೀರಿಕೊಂಡ. ಅವನ ಕೊನೆಯ ಕಾಗದದ ನಕ್ಷತ್ರಗಳ ಬಗ್ಗೆ ನಾವೆಲ್ಲ ಬರೆದೆವು. ಅದೇ ಕಾಗದದಲ್ಲಿ ಏಳು ತಿಂಗಳ ಫೆಲೋಶಿಪ್ ಬಾಕಿ, ಒಂದು ಲಕ್ಷದ ಎಪ್ಪತ್ತೈದು ಸಾವಿರ, ಅದು ಮನೆಯವರಿಗೆ ಸಲ್ಲಬೇಕು ಎಂಬ ಲೆಕ್ಕವೂ ಇತ್ತು. ನಕ್ಷತ್ರವನ್ನು ಎತ್ತಿಕೊಂಡು ಲೆಕ್ಕವನ್ನು ಬಿಟ್ಟೆವು. ನಮ್ಮ ವಿಮರ್ಶೆಯ ಅಭ್ಯಾಸ ಎಂಥದು ಎನ್ನುವುದು ಅದರಲ್ಲೇ ಗೊತ್ತಾಗುತ್ತದೆ. ಇನ್ನು ನಮ್ಮಲ್ಲೇ, 2020ರ ನಂತರದ ವರ್ಷಗಳಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ಅನುದಾನ ಕುಸಿದು ಪರಿಶಿಷ್ಟ ಸಂಶೋಧನಾರ್ಥಿಗಳು ಬಾಕಿ ಫೆಲೋಶಿಪ್ಪಿಗಾಗಿ ಧರಣಿ ಕೂತದ್ದು ಪತ್ರಿಕೆಗಳಲ್ಲಿ ಬಂದ ಸುದ್ದಿ. ಕನ್ನಡಕ್ಕಾಗಿಯೇ 1991ರಲ್ಲಿ ಹುಟ್ಟಿದ ಸಂಸ್ಥೆಯ ಬಡತನದ ಬಿಸಿ ಮೊದಲು ತಟ್ಟಿದ್ದು ಅಂಥ ಮಕ್ಕಳಿಗೆ.

5

ಸಾಹಿತ್ಯ ಎಲ್ಲಿ ಎಂದು ಯಾರಾದರೂ ಕೇಳಬಹುದು. ಬಂದೆ.

ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ 1994ರಲ್ಲಿ ಬಂತು. ಆ ಹೆಸರೇ ಈ ಲೇಖನದ ವಸ್ತು. ಸರ್ಕಾರದ ಸವಲತ್ತು ಪಡೆಯುವ ದಲಿತ ವಿದ್ಯಾರ್ಥಿಯನ್ನು ಸವರ್ಣರು ಕುಟುಕುವ ಮಾತನ್ನು ತೆಗೆದು ಅವರು ಪುಸ್ತಕದ ಹಣೆಗೆ ಹಚ್ಚಿದರು. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಹಾಸ್ಟೆಲ್ಲಿನ ಹಸಿವು ನಗೆಯಾಗಿ ಬರುತ್ತದೆ. ಈ ಎರಡೂ ಕೃತಿಗಳನ್ನು ಓದಿ ಬೆಳೆದವನು ನಾನು, ಅವುಗಳ ಋಣ ದೊಡ್ಡದು. ಆದರೂ ಒಂದು ಮಾತು ಹೇಳಬೇಕು. ಇವನ್ನು ಓದಿದ ನಾವು ಹಾಸ್ಟೆಲ್ಲಿನಿಂದ ನೌಕರಿಯವರೆಗಿನ ದಾರಿಯನ್ನೇ ದಲಿತ ಕಥನದ ಪೂರ್ಣ ದಾರಿ ಎಂದುಕೊಂಡೆವು. ನೌಕರಿ ಸಿಕ್ಕಿದ ಮೇಲೆ ಕಡತದ ಈಚೆ ಬದಿಯಲ್ಲಿ ಕೂತ ದಲಿತ ಏನು ಬರೆಯುತ್ತಾನೆ? ಅವನ ಪೆನ್ನಿನಿಂದ ಯಾವ ವಾಕ್ಯ ಇಳಿಯುತ್ತದೆ? ಆ ಆತ್ಮಕತೆಯನ್ನು ನಾವಿನ್ನೂ ಬರೆಯಬೇಕಾಗಿದೆ. ಅದು ಸಿಟ್ಟಿನ ಕತೆಯಾಗಿರುವುದಿಲ್ಲ, ಬಹುಶಃ ತಪ್ಪೊಪ್ಪಿಗೆಯಾಗಿರುತ್ತದೆ.

ನಮ್ಮ ಹುಡುಗಿ ಓದುತ್ತಿರುವ ಕಾದಂಬರಿಗಳಲ್ಲಿ ‘ಮಲೆಗಳಲ್ಲಿ ಮದುಮಗಳು’ ಮುಖ್ಯವಾದದ್ದು. 1967ರಲ್ಲಿ ಬಂದ ಆ ಕೃತಿಯಲ್ಲಿ ಕುವೆಂಪು ಹೊಲೆಯರ ನಾಯಿಗುತ್ತಿಗೆ ಕೊಟ್ಟ ಜಾಗ ಕನ್ನಡದಲ್ಲಿ ಅದಕ್ಕೂ ಮೊದಲು ಯಾರೂ ಕೊಟ್ಟಿರದಂಥದು. ಅದೇ ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿ. ಅವರ ಹೆಸರಿನ ವಿಶ್ವವಿದ್ಯಾಲಯ 1987ರಲ್ಲಿ ಶಂಕರಘಟ್ಟದಲ್ಲಿ ಆಯಿತು. 1992ರಲ್ಲಿ ಶೃಂಗೇರಿಯ ಮೆಣಸೆಯಲ್ಲಿ ರಾಷ್ಟ್ರೀಯ ಸಂಸ್ಕೃತ ಸಂಸ್ಥಾನದ ಆವರಣ ಬಂತು, 2020ರಿಂದ ಅದು ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಭಾಗ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕೇರಿಗಳಿಗೆ ವಿಶ್ವವಿದ್ಯಾಲಯ ಇವತ್ತು ಕಣ್ಣಿಗೆ ಕಾಣದ ವಸ್ತುವಲ್ಲ. ಗುತ್ತಿಯ ಮರಿಮಗಳು ಒಳಗೆ ಬಂದಿದ್ದಾಳೆ. ಗುತ್ತಿಯನ್ನೇ ಓದುತ್ತಿದ್ದಾಳೆ. ತಾನು ಬರೆಯುವ ಪುಟಕ್ಕೆ, ಕಾಗದಕ್ಕೆ, ಮೆಸ್ಸಿನ ಅನ್ನಕ್ಕೆ ದುಡ್ಡು ಯಾವಾಗ ಬರುತ್ತದೆ ಎಂದು ಮಾತ್ರ ಅವಳಿಗೆ ತಿಳಿಯದು. ಹುಟ್ಟಾಳು ಪದ್ಧತಿಯ ಮೇಲೆ ಪ್ರಬಂಧ ಬರೆಯುವವಳು ಕಾಯುವುದನ್ನೇ ಕಸುಬು ಮಾಡಿಕೊಳ್ಳಬೇಕಾದ ಸ್ಥಿತಿಯನ್ನು ವ್ಯಂಗ್ಯ ಎನ್ನಲು ನನಗೆ ಮನಸ್ಸಿಲ್ಲ. ವ್ಯಂಗ್ಯ ಓದುಗನ ಸುಖ. ಅವಳಿಗೆ ಅದು ತಿಂಗಳ ಖರ್ಚು.

ನಮ್ಮ ಚಳವಳಿಗೆ ಇದೆಲ್ಲ ತಿಳಿದಿತ್ತು. 1973ರ ಬೂಸಾ ಪ್ರಕರಣದ ಏಟು ತಿಂದವರಲ್ಲಿ ಹಾಸ್ಟೆಲ್ ಹುಡುಗರು ಬಹಳ. ಆಮೇಲೆ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಮೇಷ್ಟರಾಗಿದ್ದವರು. ಅರ್ಜಿಯನ್ನು ಹಕ್ಕೊತ್ತಾಯವನ್ನಾಗಿ ತಿದ್ದಿದ್ದು ಆ ತಲೆಮಾರು. ‘ಬೇಡಿಕೊಳ್ಳುತ್ತೇನೆ’ ಎಂಬುದು ‘ಒತ್ತಾಯಿಸುತ್ತೇವೆ’ ಎಂದಾಯಿತು. ಏಕವಚನ ಬಹುವಚನವಾಯಿತು. ಕನ್ನಡ ಗದ್ಯದಲ್ಲಿ ಆದ ಈ ಪಲ್ಲಟವನ್ನು ಕನ್ನಡ ವಿಮರ್ಶೆ ಸಾಹಿತ್ಯದ ಘಟನೆ ಎಂದು ಸರಿಯಾಗಿ ಗುರುತಿಸಲಿಲ್ಲ. ಹಾಡುಗಳನ್ನು ಗುರುತಿಸಿತು, ಕರಪತ್ರಗಳನ್ನು ಬಿಟ್ಟಿತು.

6

ವರದಿಯೆಲ್ಲ ಸುಳ್ಳು ಎಂದು ಹೇಳಿ ಮುಗಿಸುವುದು ಸುಲಭ. ಅದು ಸರಿಯಾದ ಓದಲ್ಲ. ವರದಿಯ ಕೊನೆಯಲ್ಲಿ ಅನುಬಂಧಗಳಿರುತ್ತವೆ, ಸಣ್ಣ ಅಕ್ಷರದ ಕೋಷ್ಟಕಗಳು: ಮಂಜೂರಾದ ಹುದ್ದೆ, ಭರ್ತಿಯಾದದ್ದು, ಖಾಲಿ, ಬಿಡುಗಡೆಯಾದ ಹಣ, ಖರ್ಚಾದದ್ದು, ಉಳಿಕೆ. ಮುನ್ನುಡಿ ಮರೆಸಿದ್ದನ್ನು ಕೋಷ್ಟಕ ಹೇಳಿಬಿಡುತ್ತದೆ. ಅಲ್ಲಿಯೂ ಇಲ್ಲದ್ದನ್ನು ಕೇಳಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹೋದ ವರ್ಷದ ಬಳಕೆ ಪ್ರಮಾಣಪತ್ರ ಹೋಗದಿದ್ದರೆ ಈ ವರ್ಷದ ಕಂತು ನಿಲ್ಲುತ್ತದೆ. ಮಾರ್ಗದರ್ಶಕರ ಪ್ರಗತಿ ವರದಿಗೆ ಸಹಿ ಬೀಳದಿದ್ದರೆ ಕಡತ ಹೊರಡುವುದೇ ಇಲ್ಲ. ಕಡತ ಯಾವ ಟೇಬಲ್ಲಿನಲ್ಲಿ ಎಷ್ಟು ದಿನ ಕೂತಿತ್ತು ಎನ್ನುವುದಕ್ಕೆ ಟಿಪ್ಪಣಿ ಹಾಳೆ ಸಾಕ್ಷಿ. ಕರ್ತೃ ಅಡಗಿರುವುದು ಅಲ್ಲಿ, ತಾರೀಕು ಮತ್ತು ಕಿರುಸಹಿಯ ರೂಪದಲ್ಲಿ. ದಲಿತ ವಿಮರ್ಶೆ ಇನ್ನು ಮೇಲೆ ಈ ಹಾಳೆಗಳನ್ನೂ ಪಠ್ಯ ಎಂದು ಒಪ್ಪಬೇಕು. ಎಂ.ಎ. ತರಗತಿಯಲ್ಲಿ ಒಂದು ಮಧ್ಯಾಹ್ನ ಕವಿತೆಯನ್ನು ಪಕ್ಕಕ್ಕಿಟ್ಟು ನಮ್ಮದೇ ವಿಭಾಗದ ರೋಸ್ಟರನ್ನು ಕರಿಹಲಗೆಯ ಮೇಲೆ ಬರೆದರೆ ತಪ್ಪಿಲ್ಲ.

ಹುಡುಗಿ ಮತ್ತು ನಾನು ಕೂತು ಅರ್ಜಿಯನ್ನು ತಿದ್ದಿದೆವು. ‘ಸನ್ನಿಧಾನ’ ತೆಗೆದೆವು. ‘ಬಡ ಕುಟುಂಬ’ವನ್ನು ನಾನು ಇರಲಿ ಎಂದೆ, ಮನ ಕರಗೀತು ಎಂದು.

“ನಾ ಬಡವಿ ಅಂತ ಅಲ್ಲ ಮಾವ ಅವ್ರು ಕೊಡೋದು,” ಅಂದಳು. “ಬರಿಯಕ್ಕೆ ಕೊಡೋದು. ಬರ್ದಿದೀನಿ. ಎಷ್ಟು ಪುಟ ಅಂತ ಹಾಕಿ.”

ಹಾಕಿದೆವು. ಎಷ್ಟು ತಿಂಗಳು, ಎಷ್ಟು ಹಣ, ಪ್ರಗತಿ ವರದಿ ಕೊಟ್ಟ ತಾರೀಕು ಯಾವುದು, ಕಡತದ ಸಂಖ್ಯೆ ಏನು, ಅದು ಈಗ ಯಾರ ಬಳಿ ಇದೆ. ಇಂತಿಷ್ಟು ದಿನದೊಳಗೆ ಲಿಖಿತ ಉತ್ತರ ಕೊಡಿ ಎಂಬ ಸಾಲು. ಕೆಳಗೆ ಅವಳ ಜೊತೆ ಇನ್ನೂ ಎಂಟು ಜನರ ಸಹಿ. ‘ವಿಧೇಯ’ ಎಂಬಲ್ಲಿ ‘ಇಂತಿ’ ಎಂದಷ್ಟೇ ಬರೆದಳು. ನಾನು ಓದಿದ ಒಳ್ಳೆಯ ಕನ್ನಡ ಗದ್ಯಗಳಲ್ಲಿ ಅದೂ ಒಂದು.

ನಾಲ್ಕು ತಿಂಗಳ ಹಣ ಬಂತು. ಉಳಿದದ್ದು ಬರಬೇಕು.

ಈ ವರ್ಷವೂ ವರದಿಯ ಆ ಭಾಗ ನನ್ನ ಪಾಲಿಗೇ ಬಂತು. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಬರೆದೆ: ಒಂಬತ್ತು ಮಂದಿ ಸಂಶೋಧನಾರ್ಥಿಗಳಿಗೆ ಏಳು ತಿಂಗಳ ಶಿಷ್ಯವೇತನವನ್ನು ವಿಶ್ವವಿದ್ಯಾಲಯ ಕೊಟ್ಟಿಲ್ಲ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಇದ್ದ ವಾಕ್ಯ. ಕರಡು ವಾಪಸ್ಸು ಬಂದಾಗ ಅದರ ಮೇಲೆ ಪೆನ್ಸಿಲ್ಲಿನ ಗೆರೆ ಎಳೆದಿತ್ತು. ಪಕ್ಕದಲ್ಲಿ ಚಂದದ ಅಕ್ಷರದಲ್ಲಿ ‘ಕ್ರಮ ಕೈಗೊಳ್ಳಲಾಗುತ್ತಿದೆ’ ಎಂದಿತ್ತು. ಹೋದ ವರ್ಷ ‘ಲಾಗಿದೆ’, ಈ ವರ್ಷ ‘ಲಾಗುತ್ತಿದೆ’. ಮುಗಿದದ್ದು ಮುಗಿದಿಲ್ಲ ಎಂದು ಅವರ ವ್ಯಾಕರಣವೂ ಒಪ್ಪಿಕೊಂಡಂತಾಯಿತು. ಅಷ್ಟು ಬದಲಾವಣೆಗೆ ಒಂಬತ್ತು ಸಹಿ ಬೇಕಾಯಿತು.

ನನ್ನ ಕರಡಿನ ಪ್ರತಿಯನ್ನು ನಾನು ಹರಿದಿಲ್ಲ. ತಾರೀಕು ಹಾಕಿ ಇಟ್ಟುಕೊಂಡಿದ್ದೇನೆ. ಮುಂದಿನ ವರ್ಷ ಅತಿಥಿಯಾಗಿ ನನ್ನನ್ನು ಕರೆಯುತ್ತಾರೋ ಇಲ್ಲವೋ ಹೇಳಲಾರೆ. ಕರೆಯದಿದ್ದರೆ, ಕರೆಯದವರು ಯಾರು ಎಂದು ಮಾತ್ರ ಹೆಸರು ಹಿಡಿದು ಬರೆಯುತ್ತೇನೆ.